60 ವೋಲ್ಟ್ ಬ್ಯಾಟರಿಗೆ 73 ವೋಲ್ಟ್ ಚಾರ್ಜರ್ ಹಾಕಬಹುದೇ? ಆಂಪಿಯರ್ ಹೆಚ್ಚಿದ್ದರೆ ಏನಾಗುತ್ತದೆ?

ನವನಗರ ಸವಾರ

ಎಲ್ಲರಿಗೂ ನಮಸ್ಕಾರ. ನನ್ನ ಎಲೆಕ್ಟ್ರಿಕ್ ಸ್ಕೂಟರ್‌ನ ಚಾರ್ಜರ್ ಕೆಟ್ಟಿದೆ. ಸ್ಕೂಟರ್ ಮಾರಿದವರು ಹುಬ್ಬಳ್ಳಿಯಲ್ಲಿ ಈಗ ಮಳಿಗೆ ಇಟ್ಟುಕೊಂಡಿಲ್ಲ, ಹಾಗಾಗಿ ಚಾರ್ಜರನ್ನು ಹೊರಗೆ ಕೊಳ್ಳದೆ ಗತಿಯಿಲ್ಲ. ಬ್ಯಾಟರಿಯ ಮೇಲೆ ‘ಲಿಥಿಯಂ, 60 ವೋಲ್ಟ್, 30 ಆಂಪಿಯರ್-ಅವರ್’ ಎಂದಿದೆ. ಹಳೆಯ ಚಾರ್ಜರ್‌ನ ಹಿಂಬದಿಯ ಚೀಟಿಯಲ್ಲಿ ಔಟ್‌ಪುಟ್ 67.2 ವೋಲ್ಟ್, 6 ಆಂಪಿಯರ್ ಎಂದು ಬರೆದಿದೆ.

ಅಂಗಡಿಯಲ್ಲಿ ತೋರಿಸಿದ್ದು 73 ವೋಲ್ಟ್, 10 ಆಂಪಿಯರ್‌ನದು. ಡಬ್ಬಿಯ ಮೇಲೆ ‘60 ವೋಲ್ಟ್ ಲಿಥಿಯಂ’ ಎಂದೇ ಇದೆ, ಪಿನ್ ಕೂಡ ಸರಿಯಾಗಿ ಕೂರುತ್ತದೆ. ‘ಬ್ಯಾಟರಿ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ, ಜೊತೆಗೆ ಬೇಗ ತುಂಬುತ್ತದೆ, ಧೈರ್ಯವಾಗಿ ಒಯ್ಯಿರಿ’ ಎಂದರು. ನಾನು ಇನ್ನೂ ಕೊಂಡಿಲ್ಲ. 60 ವೋಲ್ಟಿನ ಬ್ಯಾಟರಿಗೆ 67.2 ಏಕೆ, 73 ಏಕೆ? 6 ಇದ್ದ ಕಡೆ 10 ಆಂಪಿಯರ್ ಹಾಕಿದರೆ ಬ್ಯಾಟರಿಗೆ ಪೆಟ್ಟಾಗುತ್ತದೆಯೇ? ತಿಳಿದವರು ಬಿಡಿಸಿ ಹೇಳಬೇಕು.

ಕೇಶ್ವಾಪುರ ಮೊಬೈಲ್ ರಿಪೇರಿ

ಆಂಪಿಯರ್ ಬಗ್ಗೆ ಚಿಂತೆ ಬೇಡ. ಮೊಬೈಲ್‌ಗೆ ದೊಡ್ಡ ಲ್ಯಾಪ್‌ಟಾಪ್ ಅಡಾಪ್ಟರ್ ಹಾಕಿದರೂ ಅದು ತನಗೆ ಬೇಕಾದಷ್ಟನ್ನೇ ತೆಗೆದುಕೊಳ್ಳುತ್ತದೆ. ಚಾರ್ಜರ್‌ನ ಮೇಲೆ ಬರೆದ ಆಂಪಿಯರ್ ಅದರ ತಾಕತ್ತು ಮಾತ್ರ. ವೋಲ್ಟೇಜ್ ಮಾತ್ರ ಹೊಂದಬೇಕು. ಎರಡೂ 60 ವೋಲ್ಟಿನವೇ ಆಗಿರುವುದರಿಂದ ನಡೆಯಬೇಕು ಎಂದು ನನ್ನ ಅನಿಸಿಕೆ.

ಧಾರವಾಡ ಪಾಲಿಟೆಕ್ನಿಕ್ ಮೇಷ್ಟ್ರು

ನವನಗರದವರೇ, ಆ 73 ವೋಲ್ಟಿನ ಚಾರ್ಜರನ್ನು ದಯವಿಟ್ಟು ಕೊಳ್ಳಬೇಡಿ. ಪಿನ್ ಕೂರುತ್ತದೆ ಎಂಬುದೇ ಇಲ್ಲಿ ಅತ್ಯಂತ ಅಪಾಯದ ಸಂಗತಿ. ನಾನು ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ, ಸ್ವಲ್ಪ ಉದ್ದವಾದರೂ ಓದಿ.

ಬ್ಯಾಟರಿಯ ಪೆಟ್ಟಿಗೆಯ ಮೇಲಿನ ‘60 ವೋಲ್ಟ್’ ವ್ಯವಹಾರಕ್ಕಾಗಿ ಇಟ್ಟುಕೊಂಡ ದುಂಡು ಸಂಖ್ಯೆ. ಒಳಗಿರುವುದು ಸಾಲಾಗಿ ಜೋಡಿಸಿದ ಸಣ್ಣ ಸೆಲ್‌ಗಳು. ಲಿಥಿಯಂ ಎಂದರೆ ಒಂದೇ ಜಾತಿಯಲ್ಲ. ನಮ್ಮ ವಾಹನಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು. ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಸೆಲ್‌ನ ಸರಾಸರಿ ವೋಲ್ಟೇಜ್ ಸುಮಾರು 3.6ರಿಂದ 3.7, ಪೂರ್ತಿ ತುಂಬಿದಾಗ 4.2. ಎಲ್‌ಎಫ್‌ಪಿ (ಲಿಥಿಯಂ-ಕಬ್ಬಿಣ-ಫಾಸ್ಫೇಟ್) ಸೆಲ್‌ನ ಸರಾಸರಿ 3.2, ತುಂಬಿದಾಗ 3.65. ಈಗ ಲೆಕ್ಕ ಹಾಕಿ. ನಿಮ್ಮ ಹಳೆಯ ಚಾರ್ಜರ್ 67.2 ವೋಲ್ಟಿನದು. ಅದನ್ನು 4.2ರಿಂದ ಭಾಗಿಸಿದರೆ ಸರಿಯಾಗಿ 16 ಬರುತ್ತದೆ. ಅಂದರೆ ನಿಮ್ಮ ಪೆಟ್ಟಿಗೆಯಲ್ಲಿರುವುದು 16 ಎನ್‌ಎಂಸಿ ಸೆಲ್‌ಗಳ ಸಾಲು. ಅಂಗಡಿಯವರು ತೋರಿಸಿದ 73ನ್ನು 3.65ರಿಂದ ಭಾಗಿಸಿ, 20 ಬರುತ್ತದೆ. ಅದು 20 ಎಲ್‌ಎಫ್‌ಪಿ ಸೆಲ್‌ಗಳ ಬ್ಯಾಟರಿಗೆ ಮಾಡಿದ ಚಾರ್ಜರ್. ಎರಡನ್ನೂ ಪೇಟೆಯಲ್ಲಿ ‘60 ವೋಲ್ಟ್ ಲಿಥಿಯಂ’ ಎಂದೇ ಕರೆಯುತ್ತಾರೆ. 12 ವೋಲ್ಟಿನ ಐದು ಲೆಡ್ ಆಸಿಡ್ (ಸೀಸದ) ಬ್ಯಾಟರಿಗಳನ್ನು ಸಾಲಿಗೆ ಕೂಡಿಸಿದರೂ ಅದು 60 ವೋಲ್ಟೇ. ಅದರ ಚಾರ್ಜರ್ 73.5ರವರೆಗೂ ಹೋಗಬಹುದು.

ನಿಮ್ಮ 16 ಸೆಲ್‌ಗಳ ಮೇಲೆ 73 ವೋಲ್ಟ್ ಹೇರಿದರೆ ಒಂದೊಂದು ಸೆಲ್‌ಗೆ 4.56 ವೋಲ್ಟ್ ಬರುತ್ತದೆ. 4.2 ದಾಟಿದ ಮೇಲೆ ಸೆಲ್‌ನ ಒಳಗೆ ಲಿಥಿಯಂ ಲೋಹ ಪದರವಾಗಿ ಕೂರತೊಡಗುತ್ತದೆ, ಎಲೆಕ್ಟ್ರೊಲೈಟ್ ಒಡೆದು ಅನಿಲ ಹುಟ್ಟುತ್ತದೆ, ಸೆಲ್ ಊದುತ್ತದೆ, ಬಿಸಿಯಾಗುತ್ತದೆ. ಬೆಂಕಿಯ ಹಾದಿ ಇದೇ. ಬ್ಯಾಟರಿಯಲ್ಲಿರುವ ಬಿಎಂಎಸ್, ಅಂದರೆ ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್, ಈ ಹಂತದಲ್ಲಿ ಸಂಪರ್ಕ ಕಡಿಯಬೇಕು, ಬಹುಪಾಲು ಕಡಿಯುತ್ತದೆ ಕೂಡ. ಆದರೆ ಅದು ಕೊನೆಯ ಕಾವಲು. ಪ್ರತಿ ರಾತ್ರಿ ಕೊನೆಯ ಕಾವಲಿನ ಮೇಲೆ ಭಾರ ಹಾಕಿ ಮಲಗುವುದು ಸರಿಯಲ್ಲ. ಅದರಲ್ಲಿ ಸ್ವಿಚ್‌ನ ಕೆಲಸ ಮಾಡುವ ಮಾಸ್ಫೆಟ್ ಎಂಬ ಬಿಡಿಭಾಗ ಒಂದು ದಿನ ಶಾರ್ಟ್ ಆಗಿ ನಿಂತರೆ ತಡೆಯುವವರು ಯಾರೂ ಇರುವುದಿಲ್ಲ.

ಆದ್ದರಿಂದ ಕೇಳಬೇಕಾದದ್ದು ‘60 ವೋಲ್ಟ್ ಚಾರ್ಜರ್ ಕೊಡಿ’ ಎಂದಲ್ಲ, ‘67.2 ವೋಲ್ಟ್ ಔಟ್‌ಪುಟ್ ಇರುವ ಚಾರ್ಜರ್ ಕೊಡಿ’ ಎಂದು. ದಶಮಾಂಶದ ಆಚೆಯ ಅಂಕಿಗೂ ಇಲ್ಲಿ ಬೆಲೆಯಿದೆ.

ಆಂಪಿಯರ್ ವಿಷಯ ಸಂಜೆ ಬರೆಯುತ್ತೇನೆ. ಕೇಶ್ವಾಪುರದವರು ಹೇಳಿದ್ದು ಮೊಬೈಲ್‌ಗೆ ನಿಜ, ಈ ಸ್ಕೂಟರ್‌ಗೆ ನಿಜವಲ್ಲ.

ನವನಗರ ಸವಾರ

ಬಹಳ ಉಪಕಾರವಾಯಿತು. 73 ಕೈಬಿಟ್ಟೆ. ಇನ್ನೊಂದು ಅಂಗಡಿಯಲ್ಲಿ 67.2 ವೋಲ್ಟಿನ ಎರಡು ಬಗೆ ಇವೆಯಂತೆ: 6 ಆಂಪಿಯರ್ ಮತ್ತು 10 ಆಂಪಿಯರ್. ನಿಮ್ಮ ಉತ್ತರ ನೋಡಿಯೇ ಆರಿಸುತ್ತೇನೆ.

ಧಾರವಾಡ ಪಾಲಿಟೆಕ್ನಿಕ್ ಮೇಷ್ಟ್ರು

ಈಗ ಆಂಪಿಯರ್. ಇಲ್ಲಿ ಎಲ್ಲರೂ ಕೇಳಬೇಕಾದ ಪ್ರಶ್ನೆ ಒಂದೇ: ಕರೆಂಟ್ ಎಷ್ಟು ಹರಿಯಬೇಕು ಎಂದು ತೀರ್ಮಾನಿಸುವವರು ಯಾರು? ಎಷ್ಟೋ ಗೊಂದಲಗಳು ಈ ಒಂದು ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವುದರಿಂದ ಹುಟ್ಟುತ್ತವೆ.

ಮೊಬೈಲ್‌ನಲ್ಲಿ ತೀರ್ಮಾನಿಸುವುದು ಮೊಬೈಲೇ. ಗೋಡೆಗೆ ಸಿಕ್ಕಿಸುವುದು ಬರಿಯ ಅಡಾಪ್ಟರ್. ಬ್ಯಾಟರಿಯನ್ನು ತುಂಬುವ ನಿಜವಾದ ಸರ್ಕ್ಯೂಟ್ ಫೋನಿನ ಒಳಗಿದೆ. ಅಡಾಪ್ಟರ್ ಎಷ್ಟೇ ದೊಡ್ಡದಿದ್ದರೂ ಒಳಗಿನ ಸರ್ಕ್ಯೂಟ್ ತನ್ನ ಮಿತಿ ದಾಟುವುದಿಲ್ಲ.

ನಿಮ್ಮ ಸ್ಕೂಟರ್‌ನದು ಬೇರೆ. ಹೊರಗಿನ ಆ ಪೆಟ್ಟಿಗೆಯೇ ಚಾರ್ಜರ್. ಅದರ ತಂತಿ ಬಿಎಂಎಸ್ ದಾಟಿ ನೇರವಾಗಿ ಸೆಲ್‌ಗಳಿಗೆ ಹೋಗುತ್ತದೆ. ಬ್ಯಾಟರಿಯ ಒಳರೋಧ ತುಂಬಾ ಕಡಿಮೆ, ಲೆಕ್ಕಕ್ಕೆ 0.1 ಓಮ್ ಎಂದುಕೊಳ್ಳಿ. ಬಹುಪಾಲು ಖಾಲಿಯಾದ ಬ್ಯಾಟರಿ 56 ವೋಲ್ಟಿನಲ್ಲಿದೆ, ಆಚೆ ಕಡೆ 67.2 ವೋಲ್ಟ್ ಗಟ್ಟಿಯಾಗಿ ನಿಂತಿದೆ ಎನ್ನಿ. ವ್ಯತ್ಯಾಸ 11.2 ವೋಲ್ಟ್. ಓಮ್‌ನ ನಿಯಮದಂತೆ 112 ಆಂಪಿಯರ್ ಹರಿಯಬೇಕು! ‘ಬ್ಯಾಟರಿ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ’ ಎಂದು ಬಿಟ್ಟರೆ ಅದು ಎಳೆದುಕೊಳ್ಳುವುದು ಇಷ್ಟು. ತಂತಿ ಕರಗುತ್ತದೆ. ಹಾಗಾಗದಿರುವುದು ಚಾರ್ಜರ್ ತಾನೇ ಕರೆಂಟನ್ನು ಹಿಡಿದಿಡುವುದರಿಂದ. 6 ಆಂಪಿಯರ್‌ನ ಚಾರ್ಜರ್ 6ನ್ನು ಕೊಡುತ್ತದೆ, 10ರದು 10ನ್ನು ಕೊಡುತ್ತದೆ. ಬ್ಯಾಟರಿಗೆ ಬೇಕೋ ಬೇಡವೋ ಎಂದು ಅದು ಕೇಳುವುದಿಲ್ಲ.

ಚಾರ್ಜ್ ನಡೆಯುವ ಕ್ರಮ ಹೀಗೆ. ಮೊದಲ ಹಂತದಲ್ಲಿ ಕರೆಂಟ್ ಸ್ಥಿರ, ವೋಲ್ಟೇಜ್ ನಿಧಾನವಾಗಿ ಏರುತ್ತದೆ: 52, 56, 60, 64. ವೋಲ್ಟೇಜ್ 67.2 ಮುಟ್ಟಿದಾಗ ಚಾರ್ಜರ್ ಅಲ್ಲಿಂದ ಮೇಲೆ ಏರಲು ಬಿಡುವುದಿಲ್ಲ. ವೋಲ್ಟೇಜ್ ಸ್ಥಿರ, ಈಗ ಇಳಿಯುವ ಸರದಿ ಕರೆಂಟಿನದು: 6, 4, 2, 1. ಕೊನೆಗೆ ಒಂದೆರಡು ಆಂಪಿಯರಿಗೂ ಕೆಳಗೆ ಬಂದಾಗ ಹಸಿರು ದೀಪ. ‘80 ಶೇಕಡಾವರೆಗೆ ಬೇಗ ಆಗುತ್ತದೆ, ಆಮೇಲೆ ತೆವಳುತ್ತದೆ’ ಎಂದು ನೀವು ಕಂಡಿರುವುದು ಈ ಎರಡನೇ ಹಂತವನ್ನೇ. ಎರಡನೇ ಹಂತದಲ್ಲಿ ಮಾತ್ರ ‘ಬ್ಯಾಟರಿ ಬೇಕಾದಷ್ಟನ್ನೇ ತೆಗೆದುಕೊಳ್ಳುತ್ತದೆ’ ಎನ್ನುವುದಕ್ಕೆ ಅರ್ಥವಿದೆ.

ಇನ್ನು 6 ಒಳ್ಳೆಯದೋ 10 ಒಳ್ಳೆಯದೋ? ನಿಮ್ಮದು 30 ಆಂಪಿಯರ್-ಅವರ್. 6 ಆಂಪಿಯರ್ ಎಂದರೆ ಸಾಮರ್ಥ್ಯದ ಐದನೇ ಒಂದು ಭಾಗ, 10 ಎಂದರೆ ಮೂರನೇ ಒಂದು ಭಾಗ. ಸೆಲ್‌ಗಳ ಮಟ್ಟಿಗೆ ಎರಡೂ ಸಾಮಾನ್ಯವಾಗಿ ಸಹಿಸುವ ಮಿತಿಯಲ್ಲೇ ಇವೆ. ಆದರೆ ನಡುವೆ ಇನ್ನೂ ಮೂರು ವಸ್ತುಗಳಿವೆ: ಬಿಎಂಎಸ್‌ನ ಚಾರ್ಜಿಂಗ್ ಮಿತಿ, ಸ್ಕೂಟರ್‌ನ ಒಳಗಿನ ತಂತಿಯ ದಪ್ಪ, ಆ ಪಿನ್. 6 ಆಂಪಿಯರ್‌ಗೆಂದು ಮಾಡಿದ ಪಿನ್‌ನಲ್ಲಿ 10 ಹರಿದರೆ ಶಾಖ ಒಂದೂವರೆ ಪಟ್ಟಿನಷ್ಟಲ್ಲ, ಸುಮಾರು 2.8 ಪಟ್ಟಾಗುತ್ತದೆ, ಏಕೆಂದರೆ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ರಾತ್ರಿಯಿಡೀ ಮನೆಯಲ್ಲಿ ನಿಲ್ಲುವ ಸ್ಕೂಟರ್‌ಗೆ 6 ಆಂಪಿಯರ್ ಧಾರಾಳ ಸಾಕು. ಪೂರ್ತಿ ಖಾಲಿಯಿಂದ ತುಂಬಲು ಐದಾರು ಗಂಟೆ. ನಾನಾಗಿದ್ದರೆ 6ನ್ನೇ ಕೊಳ್ಳುತ್ತಿದ್ದೆ.

ತಂದ ಮೇಲೆ ಸ್ಕೂಟರ್‌ಗೆ ಸಿಕ್ಕಿಸುವ ಮೊದಲು ಮಲ್ಟಿಮೀಟರ್ ಅನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ ಪಿನ್‌ನಲ್ಲಿ ನೋಡಿ. ಪ್ಲಸ್-ಮೈನಸ್ ಹಳೆಯದರ ಹಾಗೆಯೇ ಇರಬೇಕು. ಕೆಲವು ಚಾರ್ಜರ್‌ಗಳು ಬ್ಯಾಟರಿ ಕಾಣುವವರೆಗೆ ಏನನ್ನೂ ಹೊರಗೆ ಬಿಡುವುದಿಲ್ಲ, ಆಗ ಸೊನ್ನೆ ತೋರಿಸಿದರೆ ಗಾಬರಿ ಬೇಡ. ಅಂಗಡಿಯಲ್ಲೇ ತೋರಿಸಲು ಹೇಳಿ.

ಕೇಶ್ವಾಪುರ ಮೊಬೈಲ್ ರಿಪೇರಿ

112 ಆಂಪಿಯರ್‌ನ ಲೆಕ್ಕ ನೋಡಿದ ಮೇಲೆ ವ್ಯತ್ಯಾಸ ಸ್ಪಷ್ಟವಾಯಿತು, ಮೇಷ್ಟ್ರೇ. ನನ್ನ ಬಳಿ ಬರುವ ಗಿರಾಕಿಗಳಿಗೂ ಇದನ್ನೇ ಹೇಳುತ್ತೇನೆ.

ಹಳೇ ಹುಬ್ಬಳ್ಳಿ ಇ-ರಿಕ್ಷಾ

ನನ್ನದು ನಾಲ್ಕು ಲೆಡ್ ಆಸಿಡ್ ಬ್ಯಾಟರಿಯ ಗಾಡಿ, 48 ವೋಲ್ಟ್. ಲಿಥಿಯಂ ಹಾಕಿಸಿದರೆ ಭಾರ ಇಳಿಯುತ್ತದೆ, ಓಟ ಹೆಚ್ಚುತ್ತದೆ ಎನ್ನುತ್ತಾರೆ. ಹೊಸ ಬ್ಯಾಟರಿ 51.2 ವೋಲ್ಟ್ ಎಲ್‌ಎಫ್‌ಪಿ. ಹಳೆಯ ಚಾರ್ಜರನ್ನೇ ಇಟ್ಟುಕೊಳ್ಳಬಹುದೇ? ಕೆಲವರು ಹಾಗೇ ಓಡಿಸುತ್ತಿದ್ದಾರೆ.

ಧಾರವಾಡ ಪಾಲಿಟೆಕ್ನಿಕ್ ಮೇಷ್ಟ್ರು

ಬೇಡ. ಸಂಖ್ಯೆಗಳು ಹತ್ತಿರ ಇರುವುದರಿಂದ ಜನ ಮೋಸ ಹೋಗುತ್ತಾರೆ. 51.2 ಎಂದರೆ 16 ಎಲ್‌ಎಫ್‌ಪಿ ಸೆಲ್. ಅದರ ಮೇಲ್ಮಿತಿ 58.4. ನಿಮ್ಮ ಲೆಡ್ ಆಸಿಡ್ ಚಾರ್ಜರ್ ಸುಮಾರು 57.6ರಿಂದ 58.8ರ ನಡುವೆ ಹೋಗುತ್ತದೆ. ನೋಡಲು ಒಂದೇ. ಆದರೆ ಲೆಡ್ ಆಸಿಡ್ ಚಾರ್ಜರ್ ಅಲ್ಲಿಗೆ ನಿಲ್ಲುವುದಿಲ್ಲ. ತುಂಬಿದ ಮೇಲೂ 54-55 ವೋಲ್ಟಿನಲ್ಲಿ ಸದಾ ಒತ್ತುತ್ತಿರುತ್ತದೆ. ಕೆಲವು ಚಾರ್ಜರ್‌ಗಳು ಪ್ಲೇಟುಗಳ ಸಲ್ಫೇಟ್ ಕರಗಿಸಲೆಂದು ನಡುನಡುವೆ ಹೆಚ್ಚಿನ ವೋಲ್ಟಿನ ಮಿಡಿತ ಕೊಡುತ್ತವೆ. ಅದು ಸೀಸದ ಬ್ಯಾಟರಿಗೆ ಔಷಧಿ, ಲಿಥಿಯಂಗೆ ಪೆಟ್ಟು. ಬ್ಯಾಟರಿಗೆ ಸುರಿಯುವ ಹಣದ ಮುಂದೆ ಚಾರ್ಜರ್‌ನ ಬೆಲೆ ಸಣ್ಣದು. ಬ್ಯಾಟರಿ ಮಾರುವವರಿಂದಲೇ ಅದಕ್ಕೆ ಹೊಂದುವ ಚಾರ್ಜರನ್ನು ಬರವಣಿಗೆಯ ಬಿಲ್ಲಿನೊಂದಿಗೆ ತೆಗೆದುಕೊಳ್ಳಿ. ಬ್ಯಾಟರಿ ಎಐಎಸ್ 156 ಸುರಕ್ಷತಾ ಮಾನದಂಡದಲ್ಲಿ ಪಾಸಾಗಿದೆಯೇ ಎಂದೂ ಕೇಳಿ. ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಸುದ್ದಿಗಳು ಬಂದ ಮೇಲೆ 2022ರ ಡಿಸೆಂಬರ್‌ನಿಂದ ಅದನ್ನು ಹಂತಹಂತವಾಗಿ ಬಿಗಿ ಮಾಡಲಾಗಿದೆ.

ಇನ್ನೊಂದು ಮಾತು. ಈಗಿರುವ ಸೀಸದ ಬ್ಯಾಟರಿಗಳನ್ನು ಚಾರ್ಜ್ ಮಾಡುವಾಗ ಹೈಡ್ರೋಜನ್ ಹೊರಬರುತ್ತದೆ. ಕಿಟಕಿ ಇಲ್ಲದ ಕೋಣೆಯಲ್ಲಿ, ಮಕ್ಕಳು ಮಲಗುವ ಜಾಗದಲ್ಲಿ ಹಚ್ಚಬೇಡಿ.

ಗದಗ-ಬೆಟಗೇರಿ ಕಾರು

ಚರ್ಚೆ ಚೆನ್ನಾಗಿ ನಡೆದಿದೆ, ನನ್ನ ಪ್ರಶ್ನೆಯನ್ನೂ ಸೇರಿಸುತ್ತೇನೆ. ಕಾರನ್ನು ಮನೆಯಲ್ಲೇ 16 ಆಂಪಿಯರ್ ಸಾಕೆಟ್‌ನಿಂದ ಚಾರ್ಜ್ ಮಾಡುತ್ತೇನೆ. ಪರದೆಯ ಮೇಲೆ ಒಮ್ಮೆ 3.2 ಕಿಲೋವ್ಯಾಟ್, ಸಂಜೆ ಹೊತ್ತು 2.8 ತೋರಿಸುತ್ತದೆ. ಸಾಕೆಟ್‌ನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ. ಕಾರಿನಲ್ಲಿ ದೋಷವೋ, ಮನೆಯ ವೈರಿಂಗಿನಲ್ಲೋ?

ಗೋಕುಲ ರಸ್ತೆ ವೈರಿಂಗ್

ಇದು ನನ್ನ ಕೆಲಸದ ವಿಷಯ, ನಾನು ಹೇಳುತ್ತೇನೆ. ಮೊದಲು ಆ ಸಾಕೆಟ್ ಬಳಸುವುದನ್ನು ಇವತ್ತೇ ನಿಲ್ಲಿಸಿ. ಕಂದು ಬಣ್ಣ ಎಂದರೆ ಅದು ಈಗಾಗಲೇ ಬೇಯುತ್ತಿದೆ.

ನಾನು ಬಿಚ್ಚಿ ನೋಡಿದ ಇಂಥ ಸಾಕೆಟ್‌ಗಳ ಕಥೆ ಬಹುತೇಕ ಒಂದೇ. ಮುಂದಿನ ಮುಚ್ಚಳ ಚೆಂದವಾಗಿರುತ್ತದೆ. ತಿರುಪು ತೆಗೆದು ಹಿಂದೆ ತಿರುಗಿಸಿದರೆ ಫೇಸ್ ತಂತಿಯ ಹೊದಿಕೆ ಅರ್ಧ ಇಂಚು ಕಪ್ಪಾಗಿ ಗಟ್ಟಿಯಾಗಿರುತ್ತದೆ, ಬಾಗಿಸಿದರೆ ಪಟ್ಟನೆ ಮುರಿಯುತ್ತದೆ. ಹಿತ್ತಾಳೆಯ ಹಿಡಿಕೆ ತನ್ನ ಹೊಳಪು ಕಳೆದುಕೊಂಡು ನೀಲಿ-ಕಂದಾಗಿರುತ್ತದೆ, ಪಿನ್ನನ್ನು ಬಿಗಿಯಾಗಿ ಕಚ್ಚುವ ಸ್ಪ್ರಿಂಗ್‌ಗುಣ ಹೋಗಿರುತ್ತದೆ. ತಂತಿಯ ಎಳೆಗಳು ತೂತಿಗೆ ಹಿಡಿಸಲಿಲ್ಲವೆಂದು ಹಿಂದೆ ಯಾರೋ ನಾಲ್ಕು ಎಳೆ ಕತ್ತರಿಸಿ, ಉಳಿದವನ್ನು ಸಿಕ್ಕಿಸಿ ತಿರುಪು ಬಿಗಿದಿರುತ್ತಾರೆ. ಗೀಸರ್‌ಗೆ ಅದು ನಡೆಯುತ್ತಿತ್ತು, ಏಕೆಂದರೆ ಗೀಸರ್ ಕಾಲು ಗಂಟೆ ಓಡಿ ನಿಲ್ಲುತ್ತದೆ. ಕಾರು ಎಂಟು-ಹತ್ತು ಗಂಟೆ ಬಿಡದೆ ಅದೇ 14-15 ಆಂಪಿಯರ್ ಎಳೆಯುತ್ತದೆ. ಸಾಕೆಟ್‌ಗೆ ತಣ್ಣಗಾಗಲು ಸಮಯವೇ ಸಿಗುವುದಿಲ್ಲ.

ಲೆಕ್ಕವನ್ನೂ ಹೇಳುತ್ತೇನೆ. ಸಡಿಲ ಜೋಡಣೆಯಲ್ಲಿ 0.1 ಓಮ್ ರೋಧ ಇದೆ ಎನ್ನಿ. 15 ಆಂಪಿಯರ್ ಹರಿದರೆ 15 × 15 × 0.1, ಅಂದರೆ 22.5 ವ್ಯಾಟ್ ಶಾಖ, ಒಂದು ಕಡಲೆಯಷ್ಟು ಜಾಗದಲ್ಲಿ, ರಾತ್ರಿಯಿಡೀ. ಬೆಸುಗೆ ಹಾಕುವ ಸಣ್ಣ ಸೋಲ್ಡರಿಂಗ್ ಕಡ್ಡಿ 25 ವ್ಯಾಟಿನದು. ಇಲ್ಲಿ ವೋಲ್ಟೇಜ್ ಕಳೆದುಹೋಗುವುದು ಬರೀ ಒಂದೂವರೆ ವೋಲ್ಟ್. ಯಾವ ಮೀಟರ್‌ನಲ್ಲೂ ಅನುಮಾನ ಬರುವುದಿಲ್ಲ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಕೂಡ ಬೀಳುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ 15 ಆಂಪಿಯರ್ ನ್ಯಾಯವಾದ ಕರೆಂಟು. ಕೈಯೇ ಪರೀಕ್ಷೆ: ಅರ್ಧ ಗಂಟೆ ಚಾರ್ಜ್ ಆದ ಮೇಲೆ ಕಾರಿನ ಚಾರ್ಜಿಂಗ್ ನಿಲ್ಲಿಸಿ, ಸ್ವಿಚ್ ಆರಿಸಿ, ಪ್ಲಗ್ ಹೊರತೆಗೆದು ಅದರ ಪ್ಲಾಸ್ಟಿಕ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಬೆರಳು ಇಡಲಾಗದಿದ್ದರೆ ತಪ್ಪು.

ಮಾಡಬೇಕಾದ ಕೆಲಸ: ಮೀಟರ್ ಬೋರ್ಡಿನಿಂದ ಕಾರಿಗಾಗಿಯೇ ಪ್ರತ್ಯೇಕವಾಗಿ 4 ಚದರ ಮಿಲಿಮೀಟರ್ ತಾಮ್ರದ ತಂತಿ, ಅದಕ್ಕೊಂದು ಎಂಸಿಬಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕಡಿಯುವ ಸ್ವಿಚ್), ಕೈಗಾರಿಕೆಗಳಲ್ಲಿ ಬಳಸುವ ಗಟ್ಟಿ ಸಾಕೆಟ್. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. 1.5 ಚದರ ಮಿಲಿಮೀಟರ್ ತಂತಿ 20 ಮೀಟರ್ ಎಳೆದರೆ ಹೋಗಿ ಬರುವ ದಾರಿ 40 ಮೀಟರ್, ರೋಧ ಸುಮಾರು ಅರ್ಧ ಓಮ್. 15 ಆಂಪಿಯರ್‌ಗೆ 7 ವೋಲ್ಟ್ ಕುಸಿತ, 100 ವ್ಯಾಟಿಗೂ ಹೆಚ್ಚು ಶಾಖ. ಅದನ್ನು ಸುರುಳಿ ಸುತ್ತಿಟ್ಟರೆ ಆ ಶಾಖ ಹೊರಗೆ ಹೋಗಲೂ ಆಗದು.

ಧಾರವಾಡ ಪಾಲಿಟೆಕ್ನಿಕ್ ಮೇಷ್ಟ್ರು

ಗೋಕುಲ ರಸ್ತೆಯವರು ಬರೆದದ್ದನ್ನು ಪ್ರತಿಯೊಬ್ಬ ಕಾರಿನವರೂ ಓದಬೇಕು. 3.2 ಮತ್ತು 2.8ರ ವ್ಯತ್ಯಾಸಕ್ಕೆ ಬರುತ್ತೇನೆ. ಕಾರಿನ ಒಳಗಿನ ಚಾರ್ಜರ್ ಗೋಡೆಯಿಂದ ಎಳೆಯುವ ಕರೆಂಟಿಗೆ ಮಿತಿ ಹಾಕಿಕೊಂಡಿರುತ್ತದೆ, ನಿಮ್ಮದರಲ್ಲಿ 14 ಆಂಪಿಯರ್ ಆಸುಪಾಸು. ಮಧ್ಯಾಹ್ನ 230 ವೋಲ್ಟ್ ಇದ್ದರೆ 14 × 230, ಅಂದರೆ 3.2 ಕಿಲೋವ್ಯಾಟ್. ಸಂಜೆ ಬೀದಿಯಲ್ಲಿ ಎಲ್ಲರ ಮನೆಯ ಹೊರೆ ಏರಿ 200 ವೋಲ್ಟಿಗೆ ಇಳಿದರೆ 14 × 200, ಅಂದರೆ 2.8. ಕಾರಿನಲ್ಲಿ ದೋಷವಿಲ್ಲ.

ಇಲ್ಲಿ ಕರೆಂಟನ್ನು ತೀರ್ಮಾನಿಸುವುದು ಕಾರು, ಆದರೆ ಗೋಡೆ ಹೇಳಿದ ಮಿತಿಯ ಒಳಗೆ. ಎಸಿ ಚಾರ್ಜಿಂಗ್ ಪೆಟ್ಟಿಗೆ ಎಂದು ಗೋಡೆಗೆ ಹಾಕುತ್ತಾರಲ್ಲ, ಅದು ನಿಜವಾಗಿ ಚಾರ್ಜರ್ ಅಲ್ಲ. ಅದೊಂದು ಬುದ್ಧಿಯಿರುವ ಸ್ವಿಚ್. ಕಾರಿಗೆ ಸಿಕ್ಕಿಸುವ ಬಂದೂಕಿನಲ್ಲಿ (ಹಿಡಿಕೆಯಿರುವ ಪ್ಲಗ್‌ನಲ್ಲಿ) ಇರುವ ಒಂದು ಸಣ್ಣ ತಂತಿಯ ಮೂಲಕ ಸೆಕೆಂಡಿಗೆ 1000 ಬಾರಿ ಏರಿಳಿಯುವ 12 ವೋಲ್ಟಿನ ಸಂಕೇತ ಕಳಿಸುತ್ತದೆ. ಪ್ರತಿ ಏರಿಳಿತದಲ್ಲಿ ಸಂಕೇತ ಎಷ್ಟು ಹೊತ್ತು ಮೇಲಿರುತ್ತದೆ ಎಂಬುದೇ ಸಂದೇಶ: ಸುಮಾರು 27 ಶೇಕಡಾ ಎಂದರೆ 16 ಆಂಪಿಯರ್‌ವರೆಗೆ ತೆಗೆದುಕೊಳ್ಳಬಹುದು, 53 ಶೇಕಡಾ ಎಂದರೆ 32. ಕಾರು ಅದನ್ನು ಓದಿ ಅದಕ್ಕಿಂತ ಹೆಚ್ಚು ಎಳೆಯದು. ಆದ್ದರಿಂದ 3.3 ಕಿಲೋವ್ಯಾಟ್ ಚಾರ್ಜರ್ ಇರುವ ಕಾರಿಗೆ 7.2ರ ಪೆಟ್ಟಿಗೆ ಹಾಕಿದರೂ ಕಾರಿಗೆ ಪೆಟ್ಟಿಲ್ಲ, ಆದರೆ ವೇಗವೂ ಹೆಚ್ಚುವುದಿಲ್ಲ.

ಇನ್ನೊಂದು ಸೊಗಸು ನೋಡಿ. ಗೋಡೆಯ ಕಡೆ 230 ವೋಲ್ಟ್, 14 ಆಂಪಿಯರ್. ಬ್ಯಾಟರಿ 320 ವೋಲ್ಟಿನದಾದರೆ ಒಳಗಿನ ಚಾರ್ಜರ್ ದಾಟಿದ ಮೇಲೆ ಬ್ಯಾಟರಿಗೆ ಹೋಗುವುದು 9 ಆಂಪಿಯರ್ ಮಾತ್ರ. ಶಕ್ತಿ ಅದೇ, ಸ್ವಲ್ಪ ನಷ್ಟ ಕಳೆದು. ‘ಗೋಡೆಯಲ್ಲಿ 14 ಹೋಗುತ್ತಿದೆ, ಪರದೆಯಲ್ಲಿ 9 ತೋರಿಸುತ್ತಿದೆ, ಉಳಿದ 5 ಎಲ್ಲಿ ಹೋಯಿತು’ ಎಂದು ಕೇಳುವವರಿದ್ದಾರೆ. ಎಲ್ಲಿಗೂ ಹೋಗಿಲ್ಲ, ಗುಣಿಸಿ ನೋಡಿದರೆ ಲೆಕ್ಕ ಕೂಡುತ್ತದೆ.

ಬ್ಯಾಡಗಿ ತೋಟದ ಮನೆ

ನಮ್ಮ ಕಡೆಯದು ಬೇರೆಯೇ ತೊಂದರೆ. ಮನೆ ಇರುವುದು ಹೊಲದಲ್ಲಿ. ಪಂಪ್‌ಸೆಟ್‌ಗಳಿಗೆ ಮೂರು ಫೇಸ್ ಕೊಡುವ ಹೊತ್ತಿನಲ್ಲಿ ಸುತ್ತಲಿನ ಮೋಟರ್‌ಗಳೆಲ್ಲ ಒಟ್ಟಿಗೆ ಚಾಲೂ ಆಗಿ ವೋಲ್ಟೇಜ್ 170ಕ್ಕೆ ಬೀಳುತ್ತದೆ. ಆಗ ಸ್ಕೂಟರ್ ಚಾರ್ಜರ್ ವಿಪರೀತ ಬಿಸಿಯಾಗುತ್ತದೆ, ಒಮ್ಮೊಮ್ಮೆ ತಾನೇ ನಿಂತುಬಿಡುತ್ತದೆ. ವೋಲ್ಟೇಜ್ ಕಡಿಮೆಯಾದರೆ ಬಿಸಿಯೂ ಕಡಿಮೆಯಾಗಬೇಕಲ್ಲವೇ?

ಧಾರವಾಡ ಪಾಲಿಟೆಕ್ನಿಕ್ ಮೇಷ್ಟ್ರು

ತುಂಬಾ ಒಳ್ಳೆಯ ಪ್ರಶ್ನೆ. ಹಳೆಯ ಬಲ್ಬ್ ಅಥವಾ ಗೀಸರ್ ಆಗಿದ್ದರೆ ನಿಮ್ಮ ಮಾತು ಸರಿ: ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯುತ್ತದೆ. ಈ ಚಾರ್ಜರ್ ಹಾಗಲ್ಲ. ಬ್ಯಾಟರಿಗೆ ಇಷ್ಟು ವ್ಯಾಟ್ ಕೊಡಲೇಬೇಕು ಎಂದು ಅದು ಹಟ ಹಿಡಿದಿರುತ್ತದೆ. ಗೋಡೆಯಿಂದ 450 ವ್ಯಾಟ್ ಬೇಕು ಎನ್ನಿ. 230 ವೋಲ್ಟಿನಲ್ಲಿ 2 ಆಂಪಿಯರ್ ಎಳೆದರೆ ಆಯಿತು. 170 ವೋಲ್ಟಿನಲ್ಲಿ ಅಷ್ಟೇ ವ್ಯಾಟಿಗೆ 2.65 ಆಂಪಿಯರ್ ಎಳೆಯಬೇಕು. ಕರೆಂಟ್ ಮೂರನೇ ಒಂದು ಭಾಗ ಏರಿದಾಗ ಒಳಗಿನ ಭಾಗಗಳಲ್ಲಿ ಶಾಖ ಮುಕ್ಕಾಲು ಪಟ್ಟು ಏರುತ್ತದೆ. ಮೇಲಿಂದ ನಮ್ಮ ಏಪ್ರಿಲ್ ಬಿಸಿಲು. ಚಾರ್ಜರ್ ತನ್ನನ್ನು ಉಳಿಸಿಕೊಳ್ಳಲು ನಿಲ್ಲುತ್ತದೆ. ನಿಂತರೆ ಅದು ಒಳ್ಳೆಯ ಚಾರ್ಜರ್ ಎಂದೇ ತಿಳಿಯಿರಿ.

ಪಂಪ್ ಓಡುವ ಹೊತ್ತು ಬಿಟ್ಟು ಚಾರ್ಜ್ ಮಾಡಿ. ಹಾಗಾಗದಿದ್ದರೆ 1 ಕೆವಿಎ ಸ್ಟೆಬಿಲೈಜರ್ ಸಾಕು. ಹೊಲದಿಂದ ಬಂದ ಕೂಡಲೇ, ಬ್ಯಾಟರಿ ಬಿಸಿಯಿರುವಾಗಲೇ ಹಚ್ಚಬೇಡಿ. ಲಿಥಿಯಂ ಸೆಲ್‌ಗಳನ್ನು 45 ಡಿಗ್ರಿಯ ಒಳಗೆ ಚಾರ್ಜ್ ಮಾಡಬೇಕೆಂಬುದು ಸಾಮಾನ್ಯ ಮಿತಿ. ನೆರಳಿನಲ್ಲಿ ಅರ್ಧ ತಾಸು ನಿಲ್ಲಿಸಿ.

ಗೋಕುಲ ರಸ್ತೆ ವೈರಿಂಗ್

ಹೊಲದ ಮನೆಯವರಿಗೆ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಗಾಳಿ-ಮಳೆಗೆ ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದರೆ ಎರಡು ಫೇಸ್‌ಗಳ ನಡುವೆ ಮನೆಗಳು ಸಾಲಾಗಿ ಸಿಕ್ಕಿಕೊಳ್ಳುತ್ತವೆ. ಆಗ ಹೊರೆ ಕಡಿಮೆ ಇರುವ ಮನೆಗೆ 230ರ ಬದಲು 350, 400 ವೋಲ್ಟ್ ಕೂಡ ಬರಬಹುದು. ಟಿವಿ, ಫ್ರಿಜ್, ಚಾರ್ಜರ್ ಒಟ್ಟಿಗೆ ಹೋಗುತ್ತವೆ. ವೋಲ್ಟೇಜ್ ಮಿತಿ ಮೀರಿದರೆ ಸಂಪರ್ಕ ಕಡಿಯುವ ಪ್ರೊಟೆಕ್ಟರ್ ಒಂದನ್ನು ಬೋರ್ಡಿನಲ್ಲೇ ಹಾಕಿಸಿ. ದೀಪಗಳು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಷ್ಟು ಬೆಳಗಿದರೆ ಓಡಿ ಹೋಗಿ ಮೇನ್ ಆರಿಸಿ.

ಅರ್ತಿಂಗ್ ವಿಷಯವೂ ಬರಲಿ. ಧಾರವಾಡ, ಗದಗದ ಎರೆ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ. ಮಣ್ಣು ಒಣಗಿ ಅರ್ತ್ ಕಂಬಿಯನ್ನು ಬಿಟ್ಟು ಸರಿಯುತ್ತದೆ. ಮಳೆಗಾಲದಲ್ಲಿ ಸರಿಯಿದ್ದ ಅರ್ತ್ ಮಾರ್ಚ್‌ನಲ್ಲಿ ಕೈಕೊಡುತ್ತದೆ, ಕಾರಿನ ಚಾರ್ಜಿಂಗ್ ಪೆಟ್ಟಿಗೆ ಕೆಂಪು ದೀಪ ತೋರಿಸಿ ಸುಮ್ಮನೆ ಕೂರುತ್ತದೆ. ಜನ ಪೆಟ್ಟಿಗೆ ಕೆಟ್ಟಿದೆ ಎಂದು ವಾಪಸ್ ಒಯ್ಯುತ್ತಾರೆ. ಮೊದಲು ಅರ್ತ್ ಗುಂಡಿಗೆ ನೀರು ಹಾಕಿ, ಜೋಡಣೆಯ ತುಕ್ಕು ತೆಗೆಸಿ. ಮೂರನೇ ಪಿನ್ನನ್ನು ನ್ಯೂಟ್ರಲ್‌ಗೆ ಕೂಡಿಸಿ ಪೆಟ್ಟಿಗೆಯನ್ನು ನಂಬಿಸುವ ಕೆಲಸವನ್ನು ಮಾತ್ರ ಯಾರಿಂದಲೂ ಮಾಡಿಸಬೇಡಿ. ನ್ಯೂಟ್ರಲ್ ಕಡಿದ ದಿನ ಕಾರಿನ ಲೋಹದ ಮೈಗೆ ವಿದ್ಯುತ್ ಬಂದು ನಿಲ್ಲುತ್ತದೆ.

ಸಪ್ತಾಪುರ ವಿದ್ಯಾರ್ಥಿ

ಕರೆಂಟ್ ಹೋದಾಗ ಮನೆಯ ಇನ್ವರ್ಟರ್‌ನಿಂದ ಸ್ಕೂಟರ್ ಚಾರ್ಜ್ ಮಾಡಬಹುದೇ?

ಧಾರವಾಡ ಪಾಲಿಟೆಕ್ನಿಕ್ ಮೇಷ್ಟ್ರು

ಮಾಡಬಾರದು ಎಂದೇನಿಲ್ಲ, ಅರ್ಥವಿಲ್ಲ. 12 ವೋಲ್ಟ್, 150 ಆಂಪಿಯರ್-ಅವರ್‌ನ ಇನ್ವರ್ಟರ್ ಬ್ಯಾಟರಿಯಲ್ಲಿ ಇರುವುದೇ 1.8 ಕಿಲೋವ್ಯಾಟ್-ಅವರ್. ನವನಗರದವರ ಸ್ಕೂಟರ್ ಬ್ಯಾಟರಿಯೂ ಸುಮಾರು ಅಷ್ಟೇ. ಎರಡು ಕಡೆ ನಷ್ಟ ಕಳೆದರೆ ಸ್ಕೂಟರ್ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬುವಷ್ಟರಲ್ಲಿ ಮನೆ ಕತ್ತಲು. ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರೆ ಚಾರ್ಜರ್‌ಗೂ ಒಳ್ಳೆಯದಲ್ಲ.

ನವನಗರ ಸವಾರ

67.2 ವೋಲ್ಟ್, 6 ಆಂಪಿಯರ್‌ನದನ್ನು ತಂದೆ. ಮೀಟರ್‌ನಲ್ಲಿ 67.1 ತೋರಿಸುತ್ತಿದೆ, ಪ್ಲಸ್-ಮೈನಸ್ ಹಳೆಯದರಂತೆಯೇ ಇದೆ. ನಿಶ್ಚಿಂತೆಯಾಗಿದ್ದೇನೆ. ಎಲ್ಲರಿಗೂ ಧನ್ಯವಾದ.

ರಾಣೆಬೆನ್ನೂರು-ಹುಬ್ಬಳ್ಳಿ ಪ್ರಯಾಣಿಕ

ಹೆದ್ದಾರಿ 48ರಲ್ಲಿ ಓಡಾಡುವವನು ನಾನು. ಚಾರ್ಜಿಂಗ್ ಕೇಂದ್ರದ ಫಲಕದಲ್ಲಿ 50 ಕಿಲೋವ್ಯಾಟ್ ಎಂದಿರುತ್ತದೆ, ನನ್ನ ಕಾರಿನ ಪರದೆಯಲ್ಲಿ 32 ದಾಟುವುದೇ ಇಲ್ಲ. ಬ್ಯಾಟರಿ 30 ಶೇಕಡಾ ಇದ್ದಾಗಲೂ ಅಷ್ಟೇ. ಕೇಂದ್ರದವರು ನಮಗೆ ಕಡಿಮೆ ಕೊಡುತ್ತಿದ್ದಾರೆಯೇ?

ಧಾರವಾಡ ಪಾಲಿಟೆಕ್ನಿಕ್ ಮೇಷ್ಟ್ರು

ಮುಂದಿನ ಬಾರಿ ಯಂತ್ರದ ಪಕ್ಕದಲ್ಲಿರುವ ಸಣ್ಣ ಲೋಹದ ಫಲಕ ಓದಿ. ಅದರಲ್ಲಿ ಗರಿಷ್ಠ ವೋಲ್ಟೇಜ್ ಮತ್ತು ಗರಿಷ್ಠ ಕರೆಂಟ್ ಬೇರೆ ಬೇರೆಯಾಗಿ ಬರೆದಿರುತ್ತದೆ. 500 ವೋಲ್ಟ್, 100 ಆಂಪಿಯರ್ ಎಂದಿದೆ ಎನ್ನಿ. ಗುಣಿಸಿದರೆ 50 ಕಿಲೋವ್ಯಾಟ್, ಹೊರಗಿನ ದೊಡ್ಡ ಫಲಕದಲ್ಲಿ ಅದೇ ಇರುತ್ತದೆ. ಆದರೆ ಇಂಥ ಡಿಸಿ ಚಾರ್ಜಿಂಗ್‌ನಲ್ಲಿ ಯಂತ್ರ ಕಾರಿನ ಒಳಗಿನ ಚಾರ್ಜರನ್ನು ಬಿಟ್ಟು ನೇರವಾಗಿ ಬ್ಯಾಟರಿಗೆ ಕೂಡಿಕೊಳ್ಳುತ್ತದೆ, ಆಗ ವೋಲ್ಟೇಜ್ ಎಷ್ಟಿರಬೇಕೆಂದು ಹೇಳುವುದು ಬ್ಯಾಟರಿ. ನಿಮ್ಮದು 320 ವೋಲ್ಟಿನದಾದರೆ 320 × 100, ಅಂದರೆ 32 ಕಿಲೋವ್ಯಾಟ್. ಆ ಯಂತ್ರದಿಂದ ಪೂರ್ತಿ 50 ಪಡೆಯಲು 500 ವೋಲ್ಟಿನ ಬ್ಯಾಟರಿ ಬೇಕು. ಯಾರೂ ಕಡಿಮೆ ಕೊಡುತ್ತಿಲ್ಲ. ಕೇಂದ್ರಗಳನ್ನು ಹೋಲಿಸುವಾಗ ನಿಮ್ಮಂಥವರು ಕಿಲೋವ್ಯಾಟ್ ಬಿಟ್ಟು ಆಂಪಿಯರ್ ನೋಡಬೇಕು. 200 ಆಂಪಿಯರ್‌ನ ಯಂತ್ರದಲ್ಲಿ ಅದೇ ಕಾರು ಹೆಚ್ಚು ಎಳೆಯಬಹುದು, ಕಾರು ಒಪ್ಪಿದರೆ.

ಕಾರು ಒಪ್ಪಿದರೆ ಎಂದೆ. ಇಲ್ಲಿ ಕರೆಂಟ್ ತೀರ್ಮಾನಿಸುವುದು ಪೂರ್ತಿಯಾಗಿ ಕಾರು. ‘ಇಷ್ಟು ವೋಲ್ಟ್, ಇಷ್ಟು ಆಂಪಿಯರ್ ಕೊಡು’ ಎಂದು ಅದು ಯಂತ್ರಕ್ಕೆ ಬಿಡದೆ ಹೇಳುತ್ತಿರುತ್ತದೆ, ಯಂತ್ರ ತನ್ನ ಮಿತಿಯೊಳಗೆ ಅದನ್ನು ಪಾಲಿಸುತ್ತದೆ. ಬ್ಯಾಟರಿ ಬಿಸಿಯಾಗಿದ್ದರೆ, 80 ಶೇಕಡಾ ದಾಟಿದರೆ ಕಾರೇ ಬೇಡಿಕೆ ಇಳಿಸುತ್ತದೆ. ಎರಡು ಬಂದೂಕಿನ ಯಂತ್ರದಲ್ಲಿ ಪಕ್ಕಕ್ಕೆ ಇನ್ನೊಂದು ಕಾರು ಬಂದರೂ ಶಕ್ತಿ ಹಂಚಿಹೋಗಬಹುದು.

800 ವೋಲ್ಟಿನ ಕಾರುಗಳನ್ನು ಕಂಪನಿಗಳು ಏಕೆ ತರುತ್ತಿವೆ ಎಂಬುದಕ್ಕೂ ಇದೇ ಉತ್ತರ. ವೋಲ್ಟೇಜ್ ಇಮ್ಮಡಿಯಾದರೆ ಅದೇ ಶಕ್ತಿಗೆ ಅರ್ಧ ಕರೆಂಟ್ ಸಾಕು, ಅದೇ ತಂತಿಯಲ್ಲಿ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ.

ಗದಗ-ಬೆಟಗೇರಿ ಕಾರು

ಸಾಕೆಟ್ ಬಿಚ್ಚಿಸಿದೆ. ಒಳಗೆ ತಂತಿ ಸುಟ್ಟಿತ್ತು, ಎಳೆಗಳನ್ನೂ ಕತ್ತರಿಸಿದ್ದರು. ಈಗ ಪ್ರತ್ಯೇಕ ಲೈನ್ ಎಳೆಸುತ್ತಿದ್ದೇನೆ. ಮುಂದೆ 7.2 ಕಿಲೋವ್ಯಾಟ್ ಪೆಟ್ಟಿಗೆ ಹಾಕುವ ಆಲೋಚನೆಯಿದೆ. ಅದಕ್ಕೂ 4 ಚದರ ಮಿಲಿಮೀಟರ್ ಸಾಕೇ? ಮನೆಯ ಮಂಜೂರಾದ ಹೊರೆ 3 ಕಿಲೋವ್ಯಾಟ್.

ಗೋಕುಲ ರಸ್ತೆ ವೈರಿಂಗ್

ಸಾಲದು. 7.2 ಎಂದರೆ ಸುಮಾರು 32 ಆಂಪಿಯರ್ ಗಂಟೆಗಟ್ಟಲೆ. ಈಗಲೇ 6 ಚದರ ಮಿಲಿಮೀಟರ್ ಎಳೆಸಿಬಿಡಿ. ಮೀಟರ್‌ನಿಂದ ಕಾರಿನ ಜಾಗ ದೂರವಿದ್ದರೆ 10. ಗೋಡೆ ಎರಡು ಸಲ ಒಡೆಯುವುದು ತಪ್ಪುತ್ತದೆ. ಎಂಸಿಬಿ 40 ಆಂಪಿಯರ್‌ನದು ಇರಲಿ, 32ರದನ್ನು ಹಾಕಿದರೆ ಬೇಸಿಗೆಯಲ್ಲಿ ಬಿಸಿಗೆ ಬೀಳುತ್ತಿರುತ್ತದೆ. ಆರ್‌ಸಿಸಿಬಿ ಕೊಳ್ಳುವಾಗ ಎ ಟೈಪ್ ಕೇಳಿ, ಹಳೆಯ ಎಸಿ ಟೈಪ್ ಬೇಡ.

ಮಂಜೂರಾದ ಹೊರೆ 3 ಕಿಲೋವ್ಯಾಟ್ ಇದ್ದು 7.2 ಎಳೆಯುವಂತಿಲ್ಲ. ಪೆಟ್ಟಿಗೆ ಹಾಕಿಸುವ ಮೊದಲೇ ನಮ್ಮ ವಿದ್ಯುತ್ ಕಂಪನಿ ಹೆಸ್ಕಾಂಗೆ ಹೆಚ್ಚುವರಿ ಹೊರೆಗೆ ಅರ್ಜಿ ಹಾಕಿ, ಮೂರು ಫೇಸ್ ಬೇಕಾಗುತ್ತದೆಯೇ ಎಂದೂ ಅಲ್ಲೇ ಕೇಳಿ. ಮಂಜೂರಾಗುವವರೆಗೆ ಪೆಟ್ಟಿಗೆಯ ಸೆಟ್ಟಿಂಗ್‌ನಲ್ಲಿ ಕರೆಂಟನ್ನು 10 ಆಂಪಿಯರ್‌ಗೆ ಇಳಿಸಿಟ್ಟುಕೊಳ್ಳಬಹುದು, ಆಗ 2.3 ಕಿಲೋವ್ಯಾಟ್ ಮಾತ್ರ ಹೋಗುತ್ತದೆ. ಆ ಹೊತ್ತಿನಲ್ಲಿ ಗೀಸರ್ ಹಚ್ಚಬೇಡಿ.